ಲಾಂಡ್ರಿಗೆ ಬಂದ ಚಿಕ್ಕಮ್ಮ

ಆಸ್ಪತ್ರೆಗಳ ಹಾಸುಹೊದಿಕೆ ಒಗೆದುಕೊಡುವ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಇಸ್ತ್ರಿಯಕ್ಕ ಅಂತ. ಕೆಲಸದಲ್ಲಿ ಎತ್ತಿದ ಕೈ. ಬಾಯಿ ಸ್ವಲ್ಪ ಜೋರು, ಅಷ್ಟೇ, ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಯಾವ ಯಂತ್ರ ಬರಲಿ, ಅದರೊಳಗೆ ಏನಿದೆ ಎಂದು ಇಣುಕಿ ನೋಡದಿದ್ದರೆ ಅವಳಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಇಂಥವಳ ಕೈಕೆಳಗೆ ಸೇರಿದವರು ವಾರ ತುಂಬುವುದರೊಳಗೆ ಕಾಲು ಕೀಳುತ್ತಿದ್ದರು. ಮಾಲೀಕರು ಕರೆದು ಹೇಳಿದರು: "ಈ ಸಲ ಬರೋನೂ ಹೋದ್ರೆ ಇಸ್ತ್ರಿ ಕೆಲಸ ಹೊರಗಿನವರಿಗೆ ಕೊಟ್ಬಿಡ್ತೀನಿ."

ಅಕ್ಕನಿಗೆ ಭಯವಾಯಿತು. ಜೊತೆಗೆ ಕುತೂಹಲವೂ ಕೆರಳಿತು. ಯಾಕೆ ಹೋಗುತ್ತಾರೆ ಇವರೆಲ್ಲ? ಯಾರೂ ಏನೂ ಹೇಳಿಕೊಡುವುದಿಲ್ಲ, ಪಾಪ, ಕೇಳಲು ಸಂಕೋಚ ಎಂದು ತೀರ್ಮಾನಿಸಿ, ಕೆಲಸದವರ ಚಾಟ್ ಗುಂಪಿನಲ್ಲಿ ಹೊಸಬರನ್ನು ಸ್ವಾಗತಿಸಿ ತಾನಾಗಿ ಉತ್ತರ ಕೊಡುವ ಬಾಟ್ ಒಂದನ್ನು ತಾನೇ ಕೂತು ಸಿದ್ಧಮಾಡಿದಳು. ಅದಕ್ಕೆ ಚಿಕ್ಕಮ್ಮ ಎಂದು ಹೆಸರಿಟ್ಟಳು. ಬಿಸಿನೀರಿನ ನಲ್ಲಿ ಯಾವುದು, ಊಟಕ್ಕೆ ಎಲ್ಲಿ ಕೂರಬೇಕು, ಎಲ್ಲ ತುಂಬಿಸಿದಳು. ಚಿಕ್ಕಮ್ಮನಿಗೆ ತಿಳಿಯದ ಪ್ರಶ್ನೆ ಅಕ್ಕನ ಫೋನಿಗೆ ಬರುತ್ತಿತ್ತು. ಅವಳು ಬರೆದ ಉತ್ತರ ಚಿಕ್ಕಮ್ಮನ ಮಾತಾಗಿ ಹೋಗುತ್ತಿತ್ತು. ಇದು ಕೆಲಸದವರಿಗೆ ಗೊತ್ತಿರಲಿಲ್ಲ.

ಮೊದಲು ಮನೆಯಲ್ಲಿ ಪರೀಕ್ಷೆಯಾಯಿತು. ಗಂಡ ಜಗಲಿಯಲ್ಲಿ ಕೂತು "ಊಟಕ್ಕೇನು?" ಎಂದು ಕೇಳಿದ.

"ವಿಚಾರಿಸಿ ಹೇಳ್ತೀನಿ," ಎಂದಿತು ಬಾಟ್. ಅಡುಗೆಮನೆಯಲ್ಲಿ ಅಕ್ಕನ ಫೋನು ಕೂಗಿತು. ಉತ್ತರ ಹೋಯಿತು: "ಮಧ್ಯಾಹ್ನದ್ದೇ. ಬೇಕಾದ್ರೆ ತಿನ್ನಿ."

"ಚಿಕ್ಕಮ್ಮ ಥೇಟ್ ನಿನ್ ಥರಾನೇ ಕಣೇ," ಎಂದ ಗಂಡ.

ಹೊಸಬ ಬಂದ. ನಲವತ್ತು ದಾಟಿದವನು, ಹಿಂದೆ ಬಸ್ಸು ಓಡಿಸಿದವನು, ಮಾತು ಕಡಿಮೆ. ಚಿಕ್ಕಮ್ಮನ ಹತ್ತಿರ ಮಾತ್ರ, ಗುಂಪಿನವರಿಗೆ ಕಾಣದ ಹಾಗೆ, ಒಂದೊಂದೇ ಕೇಳತೊಡಗಿದ. ಕಿಟಕಿ ಪಕ್ಕದ ಸ್ಟೂಲ್ ಯಾರದ್ದು? ಕೈ ಸುಟ್ಟರೆ ಮುಲಾಮು ಎಲ್ಲಿದೆ? ಅಕ್ಕ ಹಿರಿಹಿರಿ ಹಿಗ್ಗಿದಳು. ಎರಡನೆಯ ದಿನ ಹೊದಿಕೆಯೊಂದು ಸುಟ್ಟಿತೆಂದು ಅವನಿಗೂ ಬೈದಳು. ಮೂರನೆಯ ದಿನ ಫೋನಿಗೆ ಇನ್ನೊಂದು ಬಂತು.

"ಅಕ್ಕ ಬೈಯೋಕೆ ಮುಂಚೆ ಏನಾದ್ರೂ ಗುರುತು ಕಾಣುತ್ತಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ಸೊಕ್ಕು ಇವನಿಗೆ! ದುರುಗುಟ್ಟಿಕೊಂಡು ತಲೆಯೆತ್ತಿ ನೋಡಿದಳು. ಸಾಲಾಗಿ ನಿಂತವರೆಲ್ಲ ತಟಕ್ಕನೆ ತಲೆ ತಗ್ಗಿಸಿದರು. ದಿನವೂ ಹಾಗೇ ತಗ್ಗಿಸುತ್ತಿದ್ದರು. ಕೆಲಸದ ಮೇಲಿನ ಶ್ರದ್ಧೆ ಅಂದುಕೊಂಡಿದ್ದಳು ಅವಳು, ಇಷ್ಟು ವರ್ಷ.

ಬರೆದಳು, ಅಳಿಸಿದಳು. ಕೊನೆಗೆ ಕಳಿಸಿದಳು: "ಗುರುತು ಇಲ್ಲ. ಅವಳಿಗೇ ಗೊತ್ತಾಗಲ್ಲ."

ಸ್ವಲ್ಪ ಹೊತ್ತಿಗೆ ಮರುಪ್ರಶ್ನೆ: "ಇದನ್ನ ನೀನು ಯಾರನ್ನ ವಿಚಾರಿಸಿದೆ?"

ಅವಳು ಫೋನು ಬದಿಗಿಟ್ಟಳು. ಎದ್ದು ಅವನ ಮೇಜಿನವರೆಗೆ ಹೋದಳು.

"ನನ್ನನ್ನೇ," ಎಂದಳು.

ಅವನ ಮುಖ ಬಿಳುಚಿಕೊಂಡಿತು. ಕೈಯಲ್ಲಿದ್ದ ದಿಂಬಿನ ಚೀಲವನ್ನು ಕೆಳಗಿಟ್ಟ.

"ನಾಳೆ ಬರ್ತೀರಾ?" ಅವಳ ದನಿ ತೀರ ಸಣ್ಣದಾಗಿತ್ತು.

ಅವನು ತಡೆದು ತಡೆದು ಹೇಳಿದ: "ನಿನ್ನೆ ಬೈದ್ರಲ್ಲ... ತಪ್ಪು ನಂದಲ್ಲ."

ಅಕ್ಕಪಕ್ಕದ ಇಸ್ತ್ರಿಗಳೆಲ್ಲ ನಿಂತಿದ್ದವು.

"ಅಲ್ಲ," ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. "ತಪ್ಪು ನಿಮ್ಮದಾಗಿರಲಿಲ್ಲ. ಅದು ನಂಗೆ ನಿನ್ನೇನೇ ಗೊತ್ತಿತ್ತು."