ಸೋಮವಾರ ಸಾರಿಸಿದ ಒಲೆ

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತುವಾಗಲೇ ಅಕ್ಕನ ಮಗ ಪ್ರಸಾದನಿಗೆ ಹೇಳಿದ್ದೆ: "ಹೋದ ಮನೆಯಲ್ಲೆಲ್ಲ ತಪ್ಪು ಹುಡುಕಬೇಡ ಕಣೋ." ಕಾಡಂಚಿನ ಊರುಗಳಿಗೆ ಕೊಟ್ಟ, ಕಡಿಮೆ ಸೌದೆಯ ಒಲೆಗಳು ಉರಿಯುತ್ತಿವೆಯೇ ಎಂದು ನೋಡಿ ಬರುವುದು ಅವನ ಕೆಲಸ. ನನ್ನದು ಬರೀ ತಿರುಗಾಟದ ಚಟ. ಆಧಾರ್ ತೋರಿಸಿ ನಾನು ಪುಕ್ಕಟೆ ಕೂತೆ, ಅವನು ದುಡ್ಡು ಕೊಟ್ಟ.

ದಾರಿಯಲ್ಲಿ ವ್ಯವಹಾರ ಬಿಡಿಸಿ ಹೇಳಿದ. ಸೌದೆ ಉಳಿದರೆ ಅಷ್ಟು ಹೊಗೆ ಕಡಿಮೆಯಾಗುತ್ತದೆ. ಆ ಇಳಿಕೆಯನ್ನು ಅಳೆದು, ಕಾರ್ಬನ್ ಕ್ರೆಡಿಟ್ ಎಂದು ಹೆಸರಿಟ್ಟು ಮಾರುತ್ತಾರೆ. ಹೊಗೆ ಇಳಿಸುತ್ತೇನೆಂದು ಜಗತ್ತಿಗೆ ಮಾತು ಕೊಟ್ಟ ಯಾವುದೋ ದೂರದ ಸರ್ಕಾರ, ತನ್ನಲ್ಲಿ ಇಳಿಸಲಾಗದಷ್ಟನ್ನು ಇಲ್ಲಿಂದ ಕೊಂಡು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಆ ದುಡ್ಡಿನಲ್ಲೇ ಒಲೆ.

"ಅಯ್ಯೋ ಶಿವನೇ, ನಮ್ಮ ಹೊಗೆಗೆ ಅಷ್ಟು ದೂರದ ಗಿರಾಕಿಯಾ!" ಎಂದೆ.

ಗುಂಡ್ಲುಪೇಟೆಯಲ್ಲಿ ದೋಸೆ ತಿಂದು ಕೇರಳದ ದಾರಿಯ ಮದ್ದೂರಿನ ಕಡೆಗೆ ಆಟೊ ಹಿಡಿದೆವು. ಚೆಂಡು ಹೂವಿನ ಹೊಲಗಳಾಚೆ ಗೋಪಾಲಸ್ವಾಮಿ ಬೆಟ್ಟ ಮೋಡ ಹೊದ್ದಿತ್ತು.

ಮೊದಲ ಮನೆ ಮಾದೇವಮ್ಮನವರದು. ಒಲೆ ನೋಡಿ ನನಗೆ ಖುಷಿಯಾಯಿತು, ಪ್ರಸಾದನ ಮುಖ ಸಪ್ಪಗಾಯಿತು. ಕೆಮ್ಮಣ್ಣು ಸಾರಿಸಿ, ವಿಭೂತಿ ಬಳಿದು, ಹೂ ಇಟ್ಟಿದ್ದರು. ಮಸಿಯ ಗುರುತೇ ಇಲ್ಲ.

"ಇದು ದಿನಾ ಉರಿಯೋ ಒಲೆ ಅಂತ ಹೇಗೆ ಬರೀಲಮ್ಮ?"

"ಇವತ್ತು ಸೋಮಾರ ಕಣಪ್ಪ. ವಲೆ ಸಾರ್ಸ್ದೆ ಇರಕಾದದಾ? ನಮ್ ಬೀದೀಲಿ ಎಲ್ರೂ ಸಾರ್ಸ್‌ಬುಟ್ಟವ್ರೆ."

"ಇಲ್ಲಿ ಉರಿಯೋದು ಖಾತ್ರಿಯಾಗದಿದ್ದರೆ, ಇನ್ನೂ ಒಲೆ ಸಿಗದ ಮೇಲಿನ ಬೀದಿಗೆ ಒಲೆ ಬರಲ್ಲ."

ಮಾದೇವಮ್ಮ ಒಲೆಯ ಪಕ್ಕ ಕೂತರು. "ನನ್ ತಂಗಿ ಆ ಬೀದೀಲೇ ಅವ್ಳೆ ಕಣಪ್ಪ. ಸೌದೆಗೋಗಿ ಆನೆ ಅಟ್ಟುಸ್ಕಂಡು ಬಂದು, ವಾರ ಮಾತೇ ಆಡ್ನಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಬರ್ಕೊಳ್ಳೋ, ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಕಾಣದ್ದನ್ನ ಬರೆದರೆ ಆ ಸರ್ಕಾರ ಕೊಟ್ಟ ಮಾತೇ ಸುಳ್ಳಾಗುತ್ತೆ ಚಿಕ್ಕಮ್ಮ. ಹಾಗೇ, ಒಮ್ಮೆ ಅವರಿಗೆ ಮಾರೋಕೆ ಒಪ್ಪಿದ ಉಳಿತಾಯವನ್ನ ನಮ್ಮ ಸರ್ಕಾರವೂ ಮತ್ತೆ ತನ್ನ ಲೆಕ್ಕದಲ್ಲಿ ತೋರಿಸೋ ಹಾಗಿಲ್ಲ."

"ಅದು ಸರೀನೆಯಾ," ಎಂದರು ಮಾದೇವಮ್ಮ, ಕಣ್ಣೊರೆಸಿಕೊಳ್ಳುತ್ತ. "ಒಂದೇ ಹಾಲ ಎರಡು ಡೈರಿಗೆ ಹಾಕಕಾದದಾ?"

ನನಗೆ ಇಬ್ಬರ ಮೇಲೂ ಹೆಮ್ಮೆ ಉಕ್ಕಿತು. ಪ್ರಸಾದ ಒಲೆಯ ಹೊಗೆ ಕೊಳವೆಯತ್ತ ನೋಡಿದ. "ಇದರೊಳಗೂ ತೊಳೆದಿದ್ದೀರಾ?"

"ಅಲ್ಲಿಗೆಲ್ಲಿ ಕೈ ಎಟಕ್ತದೆ!" ಎಂದವರು ತಟ್ಟನೆ ಎದ್ದು ಒನಕೆ ತಂದರು. ಒಂದು ಗಳಿಗೆ ವಿಭೂತಿಯ ಕಡೆ ನೋಡಿ, "ಮಾದೇವ, ಒಪ್ಪುಸ್ಕೊಳಪ್ಪ," ಎಂದು ಕೊಳವೆಗೆ ಕುಟ್ಟಿದರು.

ದಬದಬನೆ ಮಸಿ ಉದುರಿತು. ಒಲೆ, ಹೂವು, ಪ್ರಸಾದನ ಬಿಳಿ ಅಂಗಿ, ಎಲ್ಲ ಕಪ್ಪು. ಅವನು ಕೆಮ್ಮುತ್ತ ನಗುತ್ತ ಸಾಕ್ಷಿಗೆ ಫೋಟೊ ತೆಗೆದುಕೊಂಡ. ಅಷ್ಟರಲ್ಲಿ ಮಾದೇವಮ್ಮ ಒನಕೆ ಹೆಗಲಿಗೇರಿಸಿ ಪಕ್ಕದ ಮನೆಗೆ ನುಗ್ಗಿದ್ದರು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ, ತಮ್ಮ ಕೈಯಾರೆ ಸಾರಿಸಿದ ಒಲೆಯ ಮೇಲೆ ಮಸಿ ಸುರಿಸಿಕೊಂಡರು. ಬೇಡವೆಂದವರು ಒಬ್ಬರೂ ಇಲ್ಲ.

ಸಂಜೆ ಹೇಳಿ ಹೊರಡಲು ಮೊದಲ ಮನೆಗೆ ಮತ್ತೆ ಹೋದೆವು. ಮಾದೇವಮ್ಮ ಒಲೆಯ ಮುಂದೆ ಕೂತು ಮತ್ತೆ ಕೆಮ್ಮಣ್ಣು ಬಳಿಯುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಬಕೆಟ್ ಹಿಡಿದು, ಈ ಹೊಸ ಒಲೆಯ ಯಾವ ಮೂಲೆಗೆ ಎಷ್ಟು ಬಳಿಯಬೇಕೆಂದು ಕೇಳಿ ಕೇಳಿ ಕಲಿಯುತ್ತಿದ್ದಳು. ಮೇಲಿನ ಬೀದಿಯ ತಂಗಿ.