ಅತ್ತೆ ನಂಬಿದ ಕೆಂಪು ದೀಪ

ಬೈರಕೂರಿನ ನಮ್ಮ ಸೋದರತ್ತೆ ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ರೇಷ್ಮೆ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಎತ್ತಿದ ಕೈ. ತೊಂಬತ್ತರ ದಶಕದ ಕೊನೆಗೆ ಅವಳು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಎದುರಿಗಿದ್ದ ಹುಳು ಕಾಣುತ್ತಿತ್ತು, ಪಕ್ಕಕ್ಕೆ ಬಂದು ನಿಂತ ಹಸು ಕಾಣುತ್ತಿರಲಿಲ್ಲ.

ಅಪ್ಪ ಅವಳನ್ನು ಕೋಲಾರಕ್ಕೆ ಕರೆದೊಯ್ದ. ರಜೆಯಾದ್ದರಿಂದ ನಾನೂ ಹೋಗಿದ್ದೆ. ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತಿತ್ತು.

“ಹೋಗಿರೋ ದೃಷ್ಟಿ ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೋಬೇಕು. ಈ ಡ್ರಾಪ್ಸ್ ಮಾತ್ರ ಬಿಡ್ಬೇಡಿ.”

ಅತ್ತೆಯ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. “ವಾಪಸ್ ಬರಲ್ಲ ಅಂದ್ಮೇಲೆ ಹಾಕ್ಕೊಂಡು ಏನ್ ಬಂತು?” ಎಂದು ಬಸ್ಸಿನಲ್ಲಿ ಗೊಣಗುತ್ತಲೇ ಬಂದಳು. ಕಣ್ಣು ಉರಿದರೂ ಕೆಲವು ತಿಂಗಳು ಹಾಕಿಕೊಂಡಳು.

ಅಷ್ಟರಲ್ಲಿ ಶ್ರೀನಿವಾಸಪುರದಲ್ಲಿ ಒಬ್ಬ ಬೆಳಕಿನಿಂದಲೇ ಕಣ್ಣು ವಾಸಿ ಮಾಡುತ್ತಾನೆಂದು ಯಾರೋ ಹೇಳಿದರು. ಅಪ್ಪ ಬೇಡವೆಂದರೂ ಅತ್ತೆ ಹೊರಟಳು. ಒಮ್ಮೆ ಜೊತೆಗೆ ನಾನೂ ಹೋದೆ. ಪರದೆ ಎಳೆದ ಬಾಡಿಗೆ ಕೋಣೆ, ತಗಡಿನ ಮುಸುಕಿನೊಳಗೆ ಉರಿಯುವ ಕೆಂಪು ಬಲ್ಬು, ಅದರ ಮುಂದೆ ಅರೆಗಣ್ಣು ತೆರೆದು ಕುಳಿತ ಜನ.

“ನರಕ್ಕೆ ಬೆಳಕೇ ಊಟ ತಾಯಿ. ಆ ಡ್ರಾಪ್ಸ್ ನಿಲ್ಲಿಸ್ಬಿಡಿ,” ಎಂದ ಅವನು.

ಹೊರಗೆ ಬಂದಾಗ ಅತ್ತೆಯ ಮುಖ ಅರಳಿತ್ತು. “ಒಳಗೆಲ್ಲಾ ಕೆಂಪಗೆ ತುಂಬ್ಕೊಳ್ತದೆ ಕಣೇ. ಆ ಡಾಕ್ಟ್ರು ಬರಲ್ಲ ಅಂದ್ರು. ಇವ್ರು ಬರ್ತದೆ ಅಂತಾರೆ.”

ಡ್ರಾಪ್ಸ್ ಅಂದೇ ನಿಂತುಹೋಯಿತು. ವರ್ಷ ಕಳೆದ ಮೇಲೆ ಒಂದು ಬೆಳೆಯಲ್ಲಿ ಅವಳು ಇನ್ನೂ ಸೊಪ್ಪು ತಿನ್ನುತ್ತಿದ್ದ ಹುಳುಗಳನ್ನೇ ಆರಿಸಿ ಚಂದ್ರಿಕೆಗೆ ಬಿಟ್ಟಳು. ಗೂಡು ಕಟ್ಟದೆ ಅವು ನೆಲಕ್ಕೆ ಉದುರಿದವು. ಮಾವ ಅವನ್ನು ಬಾಚಿಕೊಂಡರು. ಅದಾದ ಮೇಲೆ ಅತ್ತೆ ಹುಳುಮನೆಗೆ ಕಾಲಿಡಲಿಲ್ಲ.

ಮತ್ತೆ ಕೋಲಾರಕ್ಕೆ ಹೋಗುವ ಹೊತ್ತಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಮಂಜು ಮಾತ್ರ ಉಳಿದಿತ್ತು. ಡಾಕ್ಟರು ಬಯ್ಯಲಿಲ್ಲ. ಟಾರ್ಚು ಕೆಳಗಿಟ್ಟು, “ಇದು ಮನೆತನದಲ್ಲಿ ಬರೋ ಕಾಯಿಲೆ. ಒಡಹುಟ್ಟಿದೋರು ಇದ್ದಾರಾ?” ಎಂದರು.

ಅತ್ತೆ ತಡಕಾಡಿ ಅಪ್ಪನ ತೋಳು ಹಿಡಿದುಕೊಂಡಳು. “ಇವ್ನೇ ನನ್ ತಮ್ಮ. ಇವತ್ತೇ ನೋಡ್ಬಿಡಿ.”

“ನಂಗೇನಾಗಿದೆ ಅಕ್ಕ? ಚೆನ್ನಾಗೇ ಕಾಣ್ತದೆ.”

“ನಂಗೂ ಚೆನ್ನಾಗೇ ಕಾಣ್ತಿತ್ತು ಕಣೋ. ಕೂತ್ಕೋ.”

ಅಪ್ಪನ ಕಣ್ಣಲ್ಲೂ ಒತ್ತಡ ಹೆಚ್ಚಿತ್ತು, ಆದರೆ ನರ ಇನ್ನೂ ಕೆಟ್ಟಿರಲಿಲ್ಲ. ಅಂದಿನಿಂದ ಅವನು ಡ್ರಾಪ್ಸ್ ತಪ್ಪಿಸಲಿಲ್ಲ, ದೃಷ್ಟಿ ಉಳಿಯಿತು. ಅತ್ತೆಗೆ ಆ ಮಂಜೂ ಉಳಿಯಲಿಲ್ಲ. ಜಗಲಿಯ ಮೇಲೆ ಕುಳಿತೇ ಇನ್ನೂ ಎಷ್ಟೋ ವರ್ಷ ಬದುಕಿದಳು. ಅಪ್ಪ ಹೋದಾಗಲೆಲ್ಲ, ಕಾಲಿನ ಸದ್ದಿಗೇ ಗುರುತು ಹಿಡಿದು, ಊಟ ಆಯಿತೇ ಎಂದು ಕೇಳುವ ಮೊದಲೇ ಕೇಳುತ್ತಿದ್ದಳು: “ಕಣ್ಣಿಗೆ ಹಾಕ್ಕೊಂಡ್ಯೇನೋ?”