ಡ್ರೈವರ್ ಸೀಟಿನಲ್ಲಿ ಕೂತವಳ ಮಾತು

ಲಾರಿ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೆ ಅಂಟಿಕೊಂಡಂತೆ, ಉದ್ದನೆಯ ಒಂದು ತಗಡಿನ ಶೆಡ್ಡು ಇದೆ. ಅದರೊಳಗೆ ಒಂದೇ ಮನೆಯ ಮೂವರು ದುಡಿಯುತ್ತಾರೆ. ಬಾಗಿಲ ಬಳಿ ತಮ್ಮ. ಕಾರುಗಳಿಗೆ ವೈರ್ ಎಳೆದು ಸ್ಟೀರಿಯೋ ಜೋಡಿಸುವುದು ಅವನ ಪಾಲು. ನಡುವೆ ಹೊಲಿಗೆ ಯಂತ್ರದ ಮುಂದೆ ಅತ್ತಿಗೆ. ಸೀಟ್ ಕವರ್ ಅವಳದು. ಎಲ್ಲಕ್ಕಿಂತ ಹಿಂದೆ, ಹುಬ್ಬಿನ ಮೇಲೆಲ್ಲ ಮರದ ಪುಡಿ ಕೂರಿಸಿಕೊಂಡು ನಿಂತಿರುವವನು ಅವಳ ಗಂಡ. ಬೀದಿಯವರ ಬಾಯಲ್ಲಿ ಅವನು ಬಾಕ್ಸ್ ಮೇಸ್ತ್ರಿ.

ಮೇಸ್ತ್ರಿ ಮೊದಲು ಮನೆಗಳಿಗೆ ಕಪಾಟು ಮಾಡುತ್ತಿದ್ದ. ತಮ್ಮನ ಒತ್ತಾಯಕ್ಕೆ ಒಂದು ಕಾರಿನ ಡಿಕ್ಕಿಗೆ ದೊಡ್ಡ ಬಾಸ್ ಸ್ಪೀಕರ್ ಕೂರಿಸುವ ಪೆಟ್ಟಿಗೆ ಮಾಡಿಕೊಟ್ಟ. ಕಪಾಟು ಮುಗಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಸುಮ್ಮನಿರುತ್ತದೆ. ಈ ಪೆಟ್ಟಿಗೆ ಮುಗಿದ ಮೇಲೆ ಬಾಯಿ ಬಿಟ್ಟು ಮಾತಾಡಿತು. ಅವನಿಗೆ ಅದು ಹಿಡಿಸಿಬಿಟ್ಟಿತು. ಮತ್ತೆ ಕಪಾಟಿನ ಕಡೆ ತಿರುಗಿ ನೋಡಲಿಲ್ಲ.

ಇಂಥ ಪೆಟ್ಟಿಗೆಯ ಜೀವ ಇರುವುದು ಪೈಪಿನಲ್ಲಿ. ಸ್ಪೀಕರ್ ಹಿಂದೆ ಮುಂದೆ ಒದೆಯುವಾಗ ಪೆಟ್ಟಿಗೆಯೊಳಗಿನ ಗಾಳಿ ಆ ಪೈಪಿನಿಂದ ಉಸಿರಾಡುತ್ತದೆ. ಪೈಪು ಉದ್ದವಾದಷ್ಟೂ ಸದ್ದು ಆಳಕ್ಕೆ ಇಳಿಯುತ್ತದೆ, ಗಿಡ್ಡವಾದಷ್ಟೂ ಮೇಲೇರುತ್ತದೆ. ಮೇಸ್ತ್ರಿ ಪೈಪನ್ನು ಬೇಕೆಂದೇ ಉದ್ದ ಬಿಡುತ್ತಿದ್ದ. ಗೋಂದು ಹಾಕದೆ ಕೂರಿಸಿ, ಕಾರಿನಲ್ಲಿಟ್ಟು ಕೇಳಿ, ಹೊರಗೆಳೆದು ಉಗುರಿನ ದಪ್ಪ ಕೊಯ್ದು, ಮತ್ತೆ ಕೂರಿಸಿ ಕೇಳುತ್ತಿದ್ದ. ಪೈಪು ನೇರವಾಗಿಯೇ ಇರಬೇಕು ಎಂಬುದು ಅವನ ಹಟ. ನಲ್ಲಿ ಕೆಲಸದವರು ಹಾಕುವ ಎಲ್ಬೋ ಹಾಕಿ ಪೈಪನ್ನು ಒಳಗೆ ತಿರುಗಿಸುವುದು ಅವನಿಗೆ ಆಗದು. ಜಾಗ ಸಾಲದಿದ್ದರೆ ಪೆಟ್ಟಿಗೆಯ ಆಕಾರವನ್ನೇ ಬದಲಿಸುತ್ತಿದ್ದ.

ಇನ್ನೊಂದು ಹಟವೂ ಇತ್ತು. "ಕೇಳೋನು ಡ್ರೈವರು, ಡಿಕ್ಕಿ ಅಲ್ಲ" ಎನ್ನುತ್ತಿದ್ದ. ಹಾಗಾಗಿ ಅವನು ಡಿಕ್ಕಿಯ ಬಳಿ ಬಗ್ಗಿ ನಿಂತರೆ, ಡ್ರೈವರ್ ಸೀಟಿನಲ್ಲಿ ಹೆಂಡತಿ ಬಾಗಿಲು ಗಾಜು ಮುಚ್ಚಿಕೊಂಡು ಕೂರುತ್ತಿದ್ದಳು. ಸದ್ದು ನಿಂತ ಮೇಲೆ ಗಾಜು ಇಳಿಯುತ್ತಿತ್ತು, ತೀರ್ಪು ಬರುತ್ತಿತ್ತು.

"ರೀ, ಮಹಡಿ ಮನೆಯವರು ಮಂಚ ಎಳೆದಾಡಿದ ಹಾಗಿದೆ."

"ಇನ್ನೊಂಚೂರು ಕೊಯ್ಯಲಾ?"

"ಕೊಯ್ರಿ. ಹಾಗೇ ಆ ನಂಬರ್ ಪ್ಲೇಟನ್ನೂ ಬಿಗಿ ಮಾಡಿ. ಚಳಿ ಜ್ವರ ಬಂದಿರೋರ ಹಾಗೆ ಹಲ್ಲು ಕಡೀತಿದೆ."

ಮೇಸ್ತ್ರಿ ಗೊಣಗುತ್ತಲೇ ಕೊಯ್ಯುತ್ತಿದ್ದ. ಅವಳು "ಹ್ಞೂಂ, ಈಗ ಸರಿ" ಅಂದ ಮೇಲೆಯೇ ಪೈಪಿಗೆ ಗೋಂದು. ಎಂಥ ಗಿರಾಕಿ ಅವಸರ ಮಾಡಿದರೂ ಆ ಮಾತಿಗೆ ಮುಂಚೆ ಶೆಡ್ಡಿನಿಂದ ಪೆಟ್ಟಿಗೆ ಹೊರಬಿದ್ದದ್ದಿಲ್ಲ.

ಒಂದು ಮಧ್ಯಾಹ್ನ ಟ್ಯಾಕ್ಸಿಯವನೊಬ್ಬ ಬಂದ. ಹಳೇ ಗಿರಾಕಿ. ಸ್ಪೀಕರ್ ಹರಿದಿತ್ತು. ತಮ್ಮ ವೈರ್ ತರಲು ಹೋಗಿದ್ದ. ಮೇಸ್ತ್ರಿ ತಾನೇ ಡಿಕ್ಕಿ ತೆರೆದ. ಪೈಪಿನ ಬಾಯಿ ತಾನು ಬಿಟ್ಟದ್ದಕ್ಕಿಂತ ಅಗಲವಾಗಿ ಕಂಡಿತು. ಸ್ಪೀಕರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದ. ಒಳಗೆ ಪೈಪು ಅರ್ಧಕ್ಕೆ ಹೋಗಿ ಬಲಕ್ಕೆ ತಿರುಗಿತ್ತು. ಎಲ್ಬೋ.

"ಇದನ್ನ ಯಾವ ಪುಣ್ಯಾತ್ಮನ ಕೈಲಿ ಬಿಚ್ಚಿಸಿದ್ರಿ?" ಮೇಸ್ತ್ರಿಯ ದನಿ ಏರಿತು. "ನನ್ನ ಪೆಟ್ಟಿಗೆ ಕೆಡಿಸಿಕೊಂಡು ನನ್ನ ಹತ್ರಾನೇ ತರ್ತೀರಲ್ಲ!"

"ಬೇರೆ ಯಾರ ಹತ್ರ ಹೋಗ್ಲಿ ಮೇಸ್ತ್ರಿ? ನಿಮ್ಮ ತಮ್ಮನೇ ಮಾಡಿಕೊಟ್ಟಿದ್ದು." ಟ್ಯಾಕ್ಸಿಯವನಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ಮೊದಲು ಜೋರಾಗಿ ಹಾಕಿದ್ರೆ ಉಸ್ ಉಸ್ ಅಂತಿತ್ತು. ಡಿಕ್ಕೀಲಿ ಹಾವು ಸಾಕಿದೀಯಾ ಅಂತ ಜನ ಕೇಳೋರು. ಕಾರನ್ನ ಇಲ್ಲಿಗೇ ತಂದೆ. ನಮ್ಮಣ್ಣ ಊಟಕ್ಕೆ ಹೋದಾಗ ಬನ್ನಿ ಅಂದ್ರು ನಿಮ್ಮ ತಮ್ಮ, ಬಂದೆ. ಪೈಪು ಸಣ್ಣದಾಗಿ ಗಾಳಿ ಸಿಳ್ಳೆ ಹಾಕ್ತಿದೆ ಅಂತ ಅಗಲದ ಪೈಪು ಹಾಕಿದ್ರು, ಸರಿಹೋಯ್ತು. ಯಾಕೆ, ನಿಮಗೆ ಹೇಳ್ಲಿಲ್ವಾ?"

"ಹೇಳಿದ್ದ, ಹೇಳಿದ್ದ. ಮರೆತೆ" ಎಂದ ಮೇಸ್ತ್ರಿ. ಕಾರು ಬಿಟ್ಟುಹೋಗಲು ಹೇಳಿ ಕಳಿಸಿದ. ಹೊಲಿಗೆ ಯಂತ್ರದ ಸದ್ದು ನಿಂತಿದ್ದನ್ನು ಅವನು ಗಮನಿಸಲಿಲ್ಲ.

ತಮ್ಮ ವೈರಿನ ಸುರುಳಿಯನ್ನು ಕೊರಳಿಗೆ ಹಾಕಿಕೊಂಡು ಬಂದ. ಬಿಚ್ಚಿದ ಪೆಟ್ಟಿಗೆಯನ್ನೂ ಅಣ್ಣನ ಮುಖವನ್ನೂ ನೋಡಿ ಅಲ್ಲೇ ನಿಂತ.

"ಇದೊಂದೇನಾ?" ಮೇಸ್ತ್ರಿ ಕೇಳಿದ.

"ಅಣ್ಣಾ, ಕೂತ್ಕೋ, ಹೇಳ್ತೀನಿ."

"ನಿಂತೇ ಕೇಳ್ತೀನಿ. ಇದೊಂದೇನಾ?"

"ಅಲ್ಲ." ತಮ್ಮ ಸುರುಳಿಯನ್ನು ನಿಧಾನವಾಗಿ ಇಳಿಸಿದ. "ಉಸ್ ಅಂತಿದ್ದವನ್ನೆಲ್ಲ ಸರಿ ಮಾಡ್ತಿದ್ದೆ. ನಿನಗೆ ಬಾಸ್ ಕೇಳಿಸುತ್ತೆ, ಅದರಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ಮೇಲಿನ ಸಣ್ಣ ಸದ್ದು ಕೇಳಿಸ್ತಿಲ್ಲ. ಗರಗಸದ ಮಿಷನ್ ಪಕ್ಕ ಇಷ್ಟು ವರ್ಷ ನಿಂತಿದ್ದಕ್ಕೇ ಇರ್ಬೇಕು. ನಿನ್ನ ಹೆಸರು ಕೆಡಬಾರದು ಅಂತ..."

"ಹೆಸರು ನಂದು, ಕೆಲಸ ನಿಂದು. ಚೆನ್ನಾಗಿದೆ ಕಣೋ."

ಆ ದಿನ ಬೆಳಿಗ್ಗೆಯಷ್ಟೇ ಮೇಸ್ತ್ರಿ ಒಂದು ಬಿಳಿ ಕಾರಿನ ಪೆಟ್ಟಿಗೆಗೆ ಪೈಪು ಕೊಯ್ದು ಮುಗಿಸಿದ್ದ. ಕಾರು ಶೆಡ್ಡಿನೊಳಗೇ ಇತ್ತು. "ಹಾಕು" ಎಂದು ತಮ್ಮನಿಗೆ ಕೈ ತೋರಿಸಿದ. ತಮ್ಮ ಹಾಕಿದ. ತಗಡಿನ ಗೋಡೆ ನಡುಗಿತು, ಮೊಳೆಯ ಡಬ್ಬಿಗಳು ಕುಣಿದವು. ಮೇಸ್ತ್ರಿ ಡಿಕ್ಕಿಯೊಳಗೆ ತಲೆ ತೂರಿಸಿ ಪೈಪಿನ ಬಾಯಿಗೆ ಕಿವಿ ಕೊಟ್ಟ. ಎದೆಗೆ ಗುದ್ದುವ ಸದ್ದು ಬಂತು. ಅದರಾಚೆ ಏನೂ ಇಲ್ಲ. ಕೆನ್ನೆಗೆ ಮಾತ್ರ ಗಾಳಿ ತಟ್ಟುತ್ತಿತ್ತು, ಯಾರೋ ಹತ್ತಿರ ಬಂದು ಗುಟ್ಟು ಹೇಳುತ್ತಿರುವ ಹಾಗೆ.

ತಲೆ ಹೊರತೆಗೆದು ಹೆಂಡತಿಯ ಕಡೆ ತಿರುಗಿದ.

"ಬೆಳಿಗ್ಗೆ ಇದರಲ್ಲಿ ಕೂತಿದ್ದೆಯಲ್ಲ. ಉಸ್ ಅಂತಿತ್ತಾ?"

ಅವಳು ಹೊಲಿಯುತ್ತಿದ್ದ ಕವರನ್ನು ತೊಡೆಯ ಮೇಲೆ ಮಡಚಿದಳು. "ಅಂತಿತ್ತು."

"ನನಗೇನಂದೆ?"

"ಈಗ ಸರಿ ಅಂದೆ."

"ನನಗೆ ಕೇಳಿಸಲ್ಲ, ನೀನೇ ಸರಿ ಮಾಡು ಅಂತ ಇವನಿಗೆ ಹೇಳಿಕೊಟ್ಟಿದ್ದು ಯಾರು?"

ತಮ್ಮ ಅಡ್ಡ ಬಂದ. "ಅತ್ತಿಗೇನ ಯಾಕೆ..."

"ನೀನು ಸುಮ್ಮನಿರಪ್ಪ" ಎಂದಳು ಅವಳು. "ನಾನೇ ರೀ. ಮೊದಲನೇ ಸಲ ನಿಮಗೇ ಹೇಳಿದ್ದೆ, ನೆನಪಿದೆಯಾ? ಆ ಹಸಿರು ಕಾರು. ನೀವು ಉಜ್ಜಿದ್ರಿ, ಕೊಯ್ದ್ರಿ, ಬೇರೆ ಪೈಪು ಹಾಕಿದ್ರಿ. ಪ್ರತಿ ಸಲ ಹೋಯ್ತಾ ಅಂತ ಕೇಳಿದ್ರಿ, ಪ್ರತಿ ಸಲ ಇಲ್ಲ ಅಂದೆ. ಸಂಜೆ ಹೊತ್ತಿಗೆ ಡಿಕ್ಕಿ ಹತ್ರ ನಿಂತು ಒಂದು ಕಿವಿ ಮುಚ್ಕೊಂಡು ನೋಡಿದ್ರಿ, ಇನ್ನೊಂದು ಮುಚ್ಕೊಂಡು ನೋಡಿದ್ರಿ. ನಾನು ಕನ್ನಡಿಯಲ್ಲಿ ನೋಡ್ತಿದ್ದೆ. ನನ್ನ ಕೈಲಾಗ್ಲಿಲ್ಲ. ಹೋಯ್ತು ಅಂದುಬಿಟ್ಟೆ."

ಹಸಿರು ಕಾರು ಅವನಿಗೆ ಚೆನ್ನಾಗಿ ನೆನಪಿತ್ತು. ಅವಳು ಹೋಯ್ತು ಅಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಅವನೇ ಮಾತಾಡಿದ್ದ, ಅವಳು ನಗುತ್ತಾ ಕೇಳಿದ್ದಳು.

ಆಮೇಲೆ ಅವಳ ಬಾಯಿಂದ ಮಂಚದ ಮಾತೂ ಬರಲಿಲ್ಲ, ಹಲ್ಲು ಕಡಿಯುವ ಮಾತೂ ಬರಲಿಲ್ಲ. ಗಾಜು ಇಳಿದರೆ ಸಾಕು, "ಈಗ ಸರಿ." ತನ್ನ ಕೈ ಪಳಗಿತು, ಅದಕ್ಕೇ ಅವಳಿಗೆ ಆಡಿಕೊಳ್ಳಲು ಏನೂ ಸಿಗುತ್ತಿಲ್ಲ ಎಂದು ಅವನು ತಿಳಿದಿದ್ದ. ಪಕ್ಕದ ಪಂಕ್ಚರ್‌ನವನ ಮುಂದೆ ಹೇಳಿಕೊಂಡೂ ಇದ್ದ: "ಈಗೀಗ ನಮ್ಮನೇಲಿ ಬೈಸಿಕೊಳ್ಳೋದೇ ಮರೆತುಹೋಗಿದೆ ಕಣಯ್ಯ." ಆಗ ಯಂತ್ರದ ಮುಂದೆ ಕೂತ ಅವಳೂ, ವೈರ್ ಸುಲಿಯುತ್ತಿದ್ದ ತಮ್ಮನೂ ಕೇಳಿಸಿಕೊಂಡಿರಬೇಕು. ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರೋ ಏನೋ.

ಕಿವಿ ಮಂದವಾದದ್ದಕ್ಕೆ ಅವನಿಗೆ ಅಷ್ಟು ನೋವಾಗಲಿಲ್ಲ. ವಯಸ್ಸಾದ ಮೇಲೆ ಕನ್ನಡಕ ಬಂದಿತ್ತು, ಮಂಡಿ ಹಿಡಿದಿತ್ತು, ಇದೂ ಬಂತು. ಆದರೆ ತನಗೆ ಕೇಳಿಸದ್ದನ್ನು ಕೇಳಲಿ ಎಂದೇ ಅಲ್ಲವೇ ಒಬ್ಬಳನ್ನು ಮುಂದೆ ಕೂರಿಸಿದ್ದು? ಬೇರೆ ಯಾರ ಮಾತಿಗೂ ಬಗ್ಗದವನು ಆ ಒಂದು ಮಾತಿನ ಮೇಲೆ ಗರಗಸ ಹಿಡಿಯುತ್ತಿದ್ದ.

"ಹೇಳಿದ್ರೆ ಕಲಿತಿರ್ತಿದ್ದೆ" ಎಂದ. ಇಬ್ಬರಲ್ಲಿ ಯಾರಿಗೆ ಎಂದು ಹೇಳಲಾಗದ ಹಾಗೆ.

ಮರುದಿನ ಬೆಳಿಗ್ಗೆ ಬಿಳಿ ಕಾರಿನ ಪೆಟ್ಟಿಗೆಯನ್ನು ಒಡೆದು ಹೊಸದು ಕಟ್ಟಿದ. ಅಗಲದ ಪೈಪಿಗೆ ಉದ್ದ ಹೆಚ್ಚು ಬೇಕು. ಎಲ್ಬೋ ಹಾಕದೆ ಪೆಟ್ಟಿಗೆಯನ್ನೇ ಡಿಕ್ಕಿಯ ಅಡ್ಡಕ್ಕೆ ನೀಳವಾಗಿ ಮಾಡಿದ. ತಮ್ಮ ಹಲಗೆ ಹಿಡಿಯಲು ಬಂದಾಗ ಬೇಡವೆನ್ನಲಿಲ್ಲ. ಪೈಪು ಕೂರಿಸಿದ ಕೂಡಲೇ ಹೆಂಡತಿ ಎಂದಿನಂತೆ ಸೆರಗಿನ ದಾರದ ತುಣುಕು ಕೊಡವಿಕೊಂಡು ಎದ್ದು ಕಾರಿನ ಬಾಗಿಲಿಗೆ ಕೈ ಹಾಕಿದಳು.

"ನೀನು ಬೇಡ" ಎಂದ ಮೇಸ್ತ್ರಿ.

ಹೊರಗೆ ಹೋಗಿ ಪಂಕ್ಚರ್‌ನವನನ್ನು ಕರೆತಂದ. ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು, ಹೊಸ ಸೀಟ್ ಕವರ್ ನೋಡಿ ಹಿಂಜರಿದು, ತುದಿಯಲ್ಲಿ ಕೂತ. ಸದ್ದು ಹಾಕಿ ನಿಲ್ಲಿಸಿದ ಮೇಲೆ ಗಾಜು ಇಳಿಸಲು ಗೊತ್ತಾಗದೆ ಬಾಗಿಲನ್ನೇ ತೆರೆದ.

"ಎದೆ ಒಡೆದುಹೋಯ್ತಲ್ಲಪ್ಪಾ! ಒಳ್ಳೇ ಗುದ್ದು."

"ಗುದ್ದು ನನಗೆ ಗೊತ್ತಿದೆ. ಗಾಳಿ ಸದ್ದು ಇದೆಯಾ?"

"ಇದೆ. ವಾಲ್ವ್ ಸಡಿಲಾಗಿರೋ ಟ್ಯೂಬಿನ ಹಾಗೆ, ಉಸ್ ಅಂತ. ನನ್ನ ಹತ್ರ ಅದನ್ನ ಮುಚ್ಚಿಡೋಕಾಗುತ್ತಾ? ದಿನಾ ಅದನ್ನೇ ಹುಡುಕೋನು ನಾನು."

ಮೇಸ್ತ್ರಿ ಪೈಪು ಹೊರಗೆಳೆದು ಎರಡೂ ತುದಿಗಳ ಒಳ ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಗುಂಡಗೆ ಮಾಡಿದ. ಮತ್ತೆ ಕೂರಿಸಿದ. ಮತ್ತೆ ಸದ್ದು.

"ಕಮ್ಮಿ ಆಯ್ತು. ಪೂರ್ತಿ ಹೋಗಿಲ್ಲ."

ಮತ್ತೆ ಉಜ್ಜಿದ. ಬೆವರು ಕನ್ನಡಕಕ್ಕೆ ಇಳಿಯಿತು. ಪಂಕ್ಚರ್‌ನವನ ಅಂಗಡಿಯ ಮುಂದೆ ಸ್ಕೂಟರಿನವನೊಬ್ಬ ಹಾರ್ನ್ ಹೊಡೆಯತೊಡಗಿದ. "ಬಂದೆ ಇರಯ್ಯಾ!" ಎಂದು ಕೂಗಿ ಅವನು ಮತ್ತೆ ಬಾಗಿಲು ಹಾಕಿಕೊಂಡ. ಸದ್ದು ನಿಂತಿತು, ಬಾಗಿಲು ತೆರೆಯಿತು.

"ಹೋಯ್ತು. ಈಗಿಲ್ಲ."

"ಹೌದು ರೀ" ಎಂದಳು ಯಂತ್ರದ ಹಿಂದೆ ನಿಂತ ಹೆಂಡತಿ. "ನಿಜವಾಗ್ಲೂ ಹೋಯ್ತು. ಈಗ ಸರಿ ಇದೆ."

ಅವಳು ಹೇಳಿದ್ದು ನಿಜವೇ ಇತ್ತು. ಮೇಸ್ತ್ರಿ ಗೋಂದಿನ ಡಬ್ಬಿ ಕೈಗೆತ್ತಿಕೊಂಡ, ಮುಚ್ಚಳ ತೆರೆಯಲಿಲ್ಲ. ಪಂಕ್ಚರ್‌ನವನ ಭುಜ ಹಿಡಿದು ಮತ್ತೆ ಸೀಟಿಗೆ ಕೂರಿಸಿದ.

"ಇನ್ನೊಂದು ಸಲ ಕೇಳು ಮಾರಾಯ. ಸರಿಯಾಗಿ ಕೇಳಿ ಹೇಳು."